ಎಫ್‌ಎಂಗೆ ಕನ್ನಡ ಬಂತು, ಹಳೇ ಹಾಡು ಎಲ್ಲಿ ಹೋಯಿತು?

ನಾನಿರುವುದು ಚೆನ್ನೈನಲ್ಲಿ. ಇಲ್ಲಿಂದ ನೋಡಿದರೆ ಬೆಂಗಳೂರಿನ ಎಫ್‌ಎಂ ಕತೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ. ಅದೇ ರೇಡಿಯೋ ಸಿಟಿ. ಆಗ ಇಂಗ್ಲಿಷ್, ಹಿಂದಿ, ಕನ್ನಡ ಮೂರನ್ನೂ ಕಲಸಿ ಹಾಕುತ್ತಿದ್ದರು. ಚೆನ್ನೈಗೆ ಖಾಸಗಿ ಎಫ್‌ಎಂ ಬಂದದ್ದು 2003ರಲ್ಲಿ. ಸೂರಿಯನ್, ಮಿರ್ಚಿ ಎರಡೂ ಬಂದವು. ಎರಡೂ ತಮಿಳಿನಲ್ಲೇ ಬಾಯಿ ಬಿಟ್ಟವು. ಯಾವ ಭಾಷೆ ಅನ್ನುವ ಚರ್ಚೆಯೇ ಏಳಲಿಲ್ಲ.

ಬೆಂಗಳೂರಿನ ಸ್ಟೇಷನ್‌ನವರನ್ನೇ ಪೂರ್ತಿ ದೂರುವಂತಿಲ್ಲ ಬಿಡಿ. ಆಗಿನ ನಿಯಮದಲ್ಲಿ ಲೈಸೆನ್ಸ್ ಫೀ ವರ್ಷಕ್ಕೆ ಶೇ 15ರಷ್ಟು ಏರುತ್ತಿತ್ತು, ಲಾಭ ಬರಲಿ ಬಿಡಲಿ. ಊರಿಗೆಲ್ಲ ಒಂದೇ ಖಾಸಗಿ ಸ್ಟೇಷನ್. ಹಾಗಾಗಿ ಎಲ್ಲರಿಗೂ ಚೂರು ಚೂರು ಬಡಿಸಿದರು. ಜೊತೆಗೆ ದುಡ್ಡಿರುವವರು ಕನ್ನಡ ಕೇಳಲ್ಲ ಅನ್ನುವ ಮೂಢನಂಬಿಕೆಯೂ ಜಾಹೀರಾತಿನವರಿಗೆ ಇತ್ತು ಅಂತ ನನ್ನ ಗುಮಾನಿ.

2005ರಲ್ಲಿ ನಿಯಮ ಬದಲಾಯಿತು. ವರ್ಷದ ಫೀಯನ್ನು ಆದಾಯಕ್ಕೆ ಜೋಡಿಸಿ, ಅದರ ಶೇ 4ರಷ್ಟು ಅಂದರು. ಮರುವರ್ಷವೇ ಹೊಸ ಸ್ಟೇಷನ್‌ಗಳು ಸಾಲುಗಟ್ಟಿ ಬಂದವು. ಇಂಡಿಗೋ ಇಂಗ್ಲಿಷ್ ಹಿಡಿಯಿತು. ಮಿರ್ಚಿ 'ಸಖತ್ ಹಾಟ್ ಮಗಾ' ಅಂತ ಕೂಗಿ ಆಟೋಗಳಿಗೆ ನುಗ್ಗಿತು. ಅದೇ ಡಿಸೆಂಬರ್‌ನಲ್ಲಿ 'ಮುಂಗಾರು ಮಳೆ' ಬಂತು. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಲು. ಕನ್ನಡ ಹಾಕಿದರೆ ಜನ ಸ್ಟೇಷನ್ ಬದಲಿಸುತ್ತಾರೆ ಅನ್ನುವ ನೆಪ ಅಲ್ಲಿಗೆ ಮುಗಿಯಿತು. ಮುಂದೆ ರೇಡಿಯೋ ಸಿಟಿಯೂ ಕನ್ನಡಕ್ಕೆ ತಿರುಗಿತು.

ಇದು ಗೆಲುವೇ. ಆದರೆ ಗೆದ್ದಾಯಿತು ಅಂತ ನಾವು ಅಲ್ಲೇ ಕೂತುಬಿಟ್ಟೆವು. ಊರಿಗೆ ಬಂದಾಗ ಕ್ಯಾಬಿನಲ್ಲಿ ಕೂತು ಸ್ಟೇಷನ್ ತಿರುಗಿಸಿದರೆ ಅಲ್ಲೂ ಅದೇ ಹಾಡು, ಇಲ್ಲೂ ಅದೇ ಹಾಡು. ಈ ವರ್ಷದ ಸಿನಿಮಾ, ಹೋದ ವರ್ಷದ ಸಿನಿಮಾ, ಮಧ್ಯೆ ಆರ್‌ಜೆ ನಗು. ಇಷ್ಟೊಂದು ಸ್ಟೇಷನ್ ಯಾಕೆ ಬೇಕು ಹೇಳಿ?

ಚೆನ್ನೈನಲ್ಲೂ ಹೊಸ ಹಾಡಿನ ಹಾವಳಿ ಕಡಿಮೆಯೇನಿಲ್ಲ. ಆದರೆ ರಾತ್ರಿಯಾದರೆ ಇಳಯರಾಜಾ ಇರಲೇಬೇಕು. ಯಾವ ಭಾಷೆ ಅನ್ನುವುದು ಮೊದಲೇ ಇತ್ಯರ್ಥ ಆಗಿದ್ದರಿಂದ ಇವರ ಜಗಳವೆಲ್ಲ ಯಾವ ಕಾಲದ ಹಾಡು ಅನ್ನುವುದರ ಮೇಲೆ. ತಮಾಷೆ ಏನು ಗೊತ್ತಾ? ಆ ಇಳಯರಾಜಾ ಕೆಲಸ ಕಲಿತದ್ದು ನಮ್ಮ ಕನ್ನಡ ಸಿನಿಮಾದ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಹತ್ತಿರ. ಶಿಷ್ಯನಿಗೆ ಇಲ್ಲಿ ರಾತ್ರಿಗಟ್ಟಲೆ ಜಾಗ. ಗುರುವಿನ ಹಾಡು ಬೇಕು ಅಂದರೆ ನಾನು ಬೆಂಗಳೂರಿನಲ್ಲಿ ವಿವಿಧ ಭಾರತಿ ಹಾಕಬೇಕು.

ಭಾವಗೀತೆ ಪಾಡಂತೂ ಕೇಳಬೇಡಿ. ಸುಗಮ ಸಂಗೀತವನ್ನು ಮನೆಮನೆಗೆ ಮುಟ್ಟಿಸಿದ್ದೇ ಆಕಾಶವಾಣಿ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ದನಿಯನ್ನು ನನ್ನ ವಯಸ್ಸಿನವರು ಕೇಳಿದ್ದು ಹೆಚ್ಚಾಗಿ ಅಲ್ಲೇ. ತಮಿಳರಲ್ಲಿ ಕವಿತೆ ಸಿನಿಮಾ ಹಾಡಿನೊಳಗೇ ಸೇರಿಕೊಂಡಿತು. ನಮ್ಮಲ್ಲಿ ಅದಕ್ಕೆ ಬೇರೆಯದೇ ಒಂದು ದಾರಿ ಇದೆ. ಅಂಥ ಸೊತ್ತು ಕೈಯಲ್ಲಿಟ್ಟುಕೊಂಡು ಖಾಸಗಿ ಎಫ್‌ಎಂನವರು ನವೆಂಬರ್ 1ಕ್ಕೆ ಮಾತ್ರ ನೆನಪಿಸಿಕೊಂಡರೆ ಸಿಟ್ಟು ಬರಲ್ವಾ?

ಹಗಲೆಲ್ಲ ಹೊಸ ಹಾಡೇ ಹಾಕಲಿ, ಬೇಡ ಅಂದವರಾರು. ಒಂದೇ ಒಂದು ಸ್ಟೇಷನ್ ರಾತ್ರಿ ಹತ್ತರ ಮೇಲೆ ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, ಒಂದೆರಡು ಭಾವಗೀತೆ ಹಾಕಿ ನೋಡಲಿ. ಆ ಹೊತ್ತಿನಲ್ಲಿ ಜಾಹೀರಾತೂ ಜಾಸ್ತಿ ಇರಲ್ಲ. ಯಾರ ಗಂಟು ಹೋಗುತ್ತೆ?