ಸ್ಟಾಂಪಿನ ಮೇಲೊಬ್ಬ ಗುಂಡ

ಕೌಲಾಲಂಪುರದಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರನ್ನು ನಾನು ಪಾಕ್‌ಚಿಕ್ ಅಂತಲೇ ಕರೆಯುತ್ತೇನೆ. ನಮ್ಮ ಕಡೆ ಚಿಕ್ಕಪ್ಪ ಅಂದ ಹಾಗೆ. ಒಂದು ಸಂಜೆ ಅವರು ತಮ್ಮ ಸ್ಟಾಂಪಿನ ಆಲ್ಬಂ ಬಿಚ್ಚಿದರು. ಒಂದು ಪುಟಕ್ಕೆ ಬಂದದ್ದೇ ಬೆರಳು ನಿಂತಿತು. ಕೆದರಿದ ಕೂದಲು, ಮುಖದ ತುಂಬ ಮೂಗು. ಕಾರ್ಟೂನ್ ಹುಡುಗ. "ಇದು ನಾನೇ," ಅಂದರು.

ಆ ಹುಡುಗ 'ಕಂಪುಂಗ್ ಬಾಯ್' ಅನ್ನುವ ಕಾರ್ಟೂನ್ ಪುಸ್ತಕದ ನಾಯಕ. ಬರೆದವರು ಮಲೇಷ್ಯಾದ ವ್ಯಂಗ್ಯಚಿತ್ರಕಾರ ಲಾಟ್. ನಿಜವಾದ ಹೆಸರು ಮೊಹಮದ್ ನೂರ್ ಖಾಲಿದ್, ಹುಟ್ಟಿದ್ದು 1951ರಲ್ಲಿ, ಪೆರಾಕ್ ರಾಜ್ಯದ ಹಳ್ಳಿಯಲ್ಲಿ. ಚಿಕ್ಕವರಿದ್ದಾಗ ದುಂಡಗಿದ್ದರಂತೆ. ಮಲಯ ಭಾಷೆಯಲ್ಲಿ ದುಂಡಗೆ ಅಂದ್ರೆ 'ಬುಲಾತ್'. ಅದರ ಬಾಲವೇ ಲಾಟ್. ನಮ್ಮಲ್ಲಾಗಿದ್ದರೆ ಗುಂಡ ಅಂತಿದ್ದರು, ಅಲ್ವಾ? 1979ರಲ್ಲಿ ಬಂದ ಆ ಪುಸ್ತಕದಲ್ಲಿರುವುದು ಅವರದೇ ಬಾಲ್ಯ. ಕಂಬಗಳ ಮೇಲೆ ನಿಂತ ಮರದ ಮನೆ, ರಬ್ಬರ್ ಮರಗಳು, ಹೊಳೆಯಲ್ಲಿ ಈಜು, ಕುರಾನ್ ಪಾಠ, ಸುನ್ನತಿಯ ದಿನದ ಹೆದರಿಕೆ. ಇಲ್ಲಿನ ಅಂಚೆ ಸಂಸ್ಥೆ ಈ ಪಾತ್ರಗಳನ್ನೇ ಸ್ಟಾಂಪಿಗೆ ಏರಿಸಿತು.

ನನಗೆ ಸೋಜಿಗವಾದದ್ದು ಇದೇ. ನನ್ನ ಬಾಲ್ಯದ ಆಲ್ಬಂನಲ್ಲಿ ಇದ್ದದ್ದು ಗಾಂಧೀಜಿ, ಅಣೆಕಟ್ಟು, ಗುಡಿ ಗೋಪುರ. ಎಲ್ಲವೂ ಗಂಭೀರ. ಪರಂಪರೆ ಅಂದ್ರೆ ಕೈಮುಗಿಯಬೇಕಾದದ್ದು ಅಂತಲೇ ತಿಳಿದಿದ್ದೆ. ಇಲ್ಲಿ ನೋಡಿದರೆ ಲುಂಗಿ ಸುತ್ತಿಕೊಂಡ ತುಂಟ ಹುಡುಗನೂ ಪರಂಪರೆ! ಕಂಪುಂಗ್ ಅಂದ್ರೆ ಹಳ್ಳಿ. ಆದರೆ 'ನಮ್ಮೂರು' ಅನ್ನುವಾಗ ನಮಗಾಗುವ ಸಂಕಟವೂ ಅದರಲ್ಲಿದೆ. ರಂಜಾನಿನ ಹರಿರಾಯ ಹಬ್ಬ ಬಂತೆಂದರೆ 'ಬಾಲಿಕ್ ಕಂಪುಂಗ್', ಅಂದರೆ ಊರಿಗೆ ವಾಪಸ್. ರಸ್ತೆ ತುಂಬ ಕಾರು. ಯುಗಾದಿಗೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ನುಗ್ಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮಲ್ಲೂ ಇಲ್ಲವೆಂದಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಬರೆದ ಚೌಕಳಿ ಕೋಟಿನ ಶ್ರೀಸಾಮಾನ್ಯ 1988ರಲ್ಲೇ ಸ್ಟಾಂಪಿನ ಮೇಲೆ ಬಂದ. ಆದರೆ ಬಂದದ್ದು 'ಟೈಮ್ಸ್ ಆಫ್ ಇಂಡಿಯಾ'ಕ್ಕೆ 150 ವರ್ಷ ತುಂಬಿದ ನೆಪದಲ್ಲಿ. ಪತ್ರಿಕೆಯ ಹುಟ್ಟುಹಬ್ಬಕ್ಕೆ ಬಂದ ಅತಿಥಿ ಅವನು. ಅಷ್ಟಕ್ಕೂ ಅವನಿಗೆ ಊರು ಯಾವುದು? ಬಾಯಿ ಬಿಡದವನ ಮಾತು ಯಾವ ಭಾಷೆಯದು? ಇಡೀ ದೇಶದವನಾಗಲು ಅವನು ಸುಮ್ಮನಿರಬೇಕಾಯಿತು. ಲಾಟ್‌ನ ಹುಡುಗನಿಗೆ ಊರೂ ಇದೆ, ಮಾತೂ ಇದೆ.

ಒಂದು ತಕರಾರೂ ಇದೆ. ಈ ದೇಶದಲ್ಲಿ ಚೀನೀಯರಿದ್ದಾರೆ, ತಮಿಳರಿದ್ದಾರೆ. ಮಲಯರ ಹಳ್ಳಿಯೊಂದೇ ಮಲೇಷ್ಯಾದ ಮುಖವೇ? ಲಾಟ್ ತಮ್ಮ ಬೇರೆ ಚಿತ್ರಗಳಲ್ಲಿ ಎಲ್ಲರನ್ನೂ ಒಂದೇ ತಮಾಷೆಯಲ್ಲಿ ಕೂರಿಸಿದವರು, ನಿಜ. ಆದರೆ ಸ್ಟಾಂಪು ಚಿಕ್ಕದು, ಎಲ್ಲರೂ ಹಿಡಿಸುವುದಿಲ್ಲ. ಪುಸ್ತಕದ ಕೊನೆಯ ಕಹಿಯೂ ಹಿಡಿಸುವುದಿಲ್ಲ. ಅಲ್ಲಿ ಹುಡುಗ ಓದಲು ಈಪೋ ಪಟ್ಟಣಕ್ಕೆ ಹೊರಟಾಗ, ಅವನ ಊರಿನ ನೆಲದ ಮೇಲೆ ತವರದ ಗಣಿಯವರ ಕಣ್ಣು ಬಿದ್ದಿರುತ್ತದೆ.

ಇಷ್ಟಾದರೂ ನನಗೆ ಆಸೆ. ಲಗೋರಿ ಆಡುವ, ಚಡ್ಡಿ ಜಾರುವ ನಮ್ಮ ಹುಡುಗನೊಬ್ಬ ಸ್ಟಾಂಪಿನ ಮೇಲೆ ನಗಬೇಕು.

ಪಾಕ್‌ಚಿಕ್ ತಮ್ಮಲ್ಲಿ ಎರಡಿದ್ದ ಒಂದು ಸ್ಟಾಂಪನ್ನು ನನಗೆ ಕೊಟ್ಟರು. ಕಾಗದದೊಳಗಿಟ್ಟು ಸಾಗರದಲ್ಲಿರುವ ಅಮ್ಮನಿಗೆ ಕಳಿಸಿದೆ. ಮೂರು ವಾರ ಬಿಟ್ಟು ಫೋನು ಬಂತು. "ಈ ಹುಡುಗ ಥೇಟ್ ನಿನ್ನ ಸೋದರಮಾವನ ಹಾಗೇ ಇದಾನಲ್ಲೋ. ಆ ಮೂಗು ನೋಡು!"