ಚಳಿಗಿಂತ ಹೊಗೆಯೇ ಕಷ್ಟ

ಲೇಖನ ಖುಷಿ ಕೊಟ್ಟಿತು. ಆದರೆ ಇಂದಿನವರೊಬ್ಬರು 2,300 ವರ್ಷ ಹಿಂದಿನ ಬ್ರಿಟನ್ನಿನ ಕೆಲ್ಟ್ ಅನ್ನೋ ಜನರ ಹಳ್ಳಿಗೆ ಹೋಗಿ ಬಿದ್ದರೆ ಚಳಿ, ಕತ್ತಿ ಕಾಳಗ ಇವೇ ದೊಡ್ಡ ಕಷ್ಟ ಅಂತ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಮೊದಲ ದಿನವೇ ಕಾಡೋದು ಹೊಗೆ. ಅವರ ದುಂಡು ಮನೆಗೆ ಹೊಗೆಗಿಂಡಿ ಇರಲಿಲ್ಲ ಅಂತಲೇ ಈಗ ಹೆಚ್ಚಿನವರ ಅಭಿಪ್ರಾಯ. ಹೊಗೆ ಹುಲ್ಲಿನ ಸೂರಿನೊಳಗಿಂದ ಮೆಲ್ಲಗೆ ಸೋರಿ ಹೋಗುತ್ತಿತ್ತು. ನಾವಾಗಿದ್ದರೆ ಜಾಣರ ಹಾಗೆ ಮೇಲೊಂದು ತೂತು ಕೊರೆಯುತ್ತಿದ್ದೆವು. ಗಾಳಿ ಎಳೆದು, ಕಿಡಿ ಏರಿ, ಸೂರಿಗೇ ಬೆಂಕಿ!

ಆಮೇಲೆ ಬೀಸೋದು. ದಿನಾ ಬೀಸಿದರೇನೇ ರೊಟ್ಟಿ. ಜಿಮ್ ಬೇಕಾಗಲ್ಲ ಬಿಡಿ.

ನಮ್ಮವರಿಗೆ ಗುರುತು ಸಿಗುವ ವಿಷಯವೊಂದಿದೆ, ನೀವು ಅದನ್ನು ಬಿಟ್ಟೇಬಿಟ್ಟಿದ್ದೀರಿ: ಅವರು ಕಾಳು ಕೂಡಿಡುತ್ತಿದ್ದ ಗುಂಡಿ. ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿ 1972ರಲ್ಲಿ ಶುರುವಾದ ಬಟ್ಸರ್ ಪ್ರಾಯೋಗಿಕ ಹೊಲದಲ್ಲಿ, ಅಂದರೆ ಆ ಕಾಲದ ಬೇಸಾಯವನ್ನು ಮಾಡಿ ನೋಡುವ ಜಾಗದಲ್ಲಿ, ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ ಇಂಥ ಗುಂಡಿ ತೋಡಿ, ಕಾಳು ತುಂಬಿ, ಬಾಯಿಗೆ ಜೇಡಿಮಣ್ಣು ಮೆತ್ತಿ ನೋಡಿದರು. ಅಂಚಿನ ಕಾಳು ಒಂಚೂರು ಮೊಳೆತು ಒಳಗಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಉಳಿದ ಕಾಳು ಚಳಿಗಾಲ ಕಳೆದರೂ ಕೆಡುವುದಿಲ್ಲ. ನಮ್ಮ ಹಗೇವೂ ಇದೇ ಅಲ್ವಾ? ನಮ್ಮಜ್ಜಿ ಹೇಳುತ್ತಿದ್ದರು, ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು, ಮೊದಲು ದೀಪ ಇಳಿಬಿಡಬೇಕು, ಆರಿದರೆ ಕಾಯಬೇಕು ಅಂತ. ಅಂಥ ಅಜ್ಜಿಯನ್ನು ಆ ಕೆಲ್ಟ್ ಹಳ್ಳಿಗೆ ಕಳಿಸಿದ್ದರೆ ಒಂದೇ ವಾರದಲ್ಲಿ ಹೊಂದಿಕೊಳ್ಳುತ್ತಿದ್ದರು. ಖಾರ ಇಲ್ಲ ಅಂತ ಮಾತ್ರ ಗೊಣಗುತ್ತಿದ್ದರು.