ರಿಬ್ಬನ್ ಕತ್ತರಿಸಿದ ಮೇಲೆ

ಹೋದ ಬೇಸಿಗೆಯಲ್ಲಿ ಸೋದರಮಾವ ಅಮೆರಿಕಕ್ಕೆ, ನಾನಿರುವ ಮಿನಿಯಾಪೊಲಿಸ್‌ಗೆ ಬಂದಿದ್ದರು. ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿ ರಿಟೈರ್ ಆದವರು. ಮಿಸಿಸಿಪ್ಪಿ ನದಿಯ ಮೇಲಿನ ಐ-35ಡಬ್ಲ್ಯು ಹೆದ್ದಾರಿಯ ಸೇತುವೆ ದಾಟುವಾಗ ಅದರ ಕತೆ ಹೇಳಿದೆ. ಹಳೇ ಸೇತುವೆ 2007ರ ಆಗಸ್ಟ್ 1ರ ಸಂಜೆ ಕುಸಿದು 13 ಜನ ಸತ್ತರು. ಹೊಸದರ ಟೆಂಡರ್ ಸಿಕ್ಕಿದ್ದು ಎಲ್ಲರಿಗಿಂತ ಜಾಸ್ತಿ ರೇಟು ಹಾಕಿದವರಿಗೆ, ಸುಮಾರು 23.4 ಕೋಟಿ ಡಾಲರ್‌ಗೆ.

"ಜಾಸ್ತಿ ರೇಟಿನವರಿಗಾ? ನಮ್ಮಲ್ಲಾಗಿದ್ದರೆ ಸಹಿ ಹಾಕಿದವನು ಪೆನ್ಷನ್ ಕಾಣ್ತಿರಲಿಲ್ಲ ಕಣೋ" ಅಂದರು ಮಾವ.

ಇಲ್ಲೂ ಜನ ಸುಮ್ನೆ ಬಿಡಲಿಲ್ಲ. ಕೇಸು ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2010ರಲ್ಲಿ ಕೋರ್ಟ್ ಟೆಂಡರ್ ಕೊಟ್ಟ ರಾಜ್ಯದ ಸಾರಿಗೆ ಇಲಾಖೆಯ ಪರವಾಗಿ ನಿಂತಿತು. ಇದು ಡಿಸೈನ್-ಬಿಲ್ಡ್ ಗುತ್ತಿಗೆ. ನಕ್ಷೆ ಮಾಡುವವರೂ ಕಟ್ಟುವವರೂ ಒಬ್ಬರೇ. ರೇಟಿನ ಜೊತೆಗೆ ಎಷ್ಟು ದಿನ ಬೇಕು, ಗುಣಮಟ್ಟ ಹೇಗಿರುತ್ತೆ ಅನ್ನೋದಕ್ಕೂ ಅಂಕ. ಬೇಗ ಮುಗಿಸಿದರೆ ದಿನಕ್ಕೆ 2 ಲಕ್ಷ ಡಾಲರ್ ಲೆಕ್ಕದಲ್ಲಿ ಬೋನಸ್. 2008ರ ಸೆಪ್ಟೆಂಬರ್ 18ಕ್ಕೆ, ಗಡುವಿಗಿಂತ ಮೂರು ತಿಂಗಳು ಮೊದಲೇ, ಸೇತುವೆ ತೆರೆಯಿತು.

ಬೇಗ ಮುಗಿದದ್ದು ನನಗೆ ದೊಡ್ಡದಲ್ಲ. ಮುಗಿದ ಮೇಲೂ ಅದರ ಹಿಂದೆ ಬಿದ್ದಿದ್ದಾರಲ್ಲ, ಅದು ದೊಡ್ಡದು. ಸೇತುವೆಯೊಳಗೆ ಮುನ್ನೂರಕ್ಕೂ ಹೆಚ್ಚು ಸೆನ್ಸರ್ ಇಟ್ಟರು. ಕಾಂಕ್ರೀಟ್ ಚಳಿಗೆ ಎಷ್ಟು ಕುಗ್ಗಿತು, ಲಾರಿ ಹೋದರೆ ಎಷ್ಟು ಅದುರಿತು ಅಂತ ವಿಶ್ವವಿದ್ಯಾಲಯದವರು ಲೆಕ್ಕ ಇಟ್ಟರು. 1990ರಲ್ಲಿ ಅಮೆರಿಕದ ಕೇಂದ್ರ ಹೆದ್ದಾರಿ ಇಲಾಖೆ ಇಂಥ ಹೊಸ ಗುತ್ತಿಗೆಗಳನ್ನು ರಾಜ್ಯಗಳು ಪ್ರಯೋಗ ಮಾಡಲಿ ಅಂತ ಬಿಟ್ಟಾಗಲೂ ಹೀಗೇ. ಏನಾಯಿತು ಅಂತ ವರದಿ ಕೊಡಬೇಕಿತ್ತು.

ನಮ್ಮೂರ ರಸ್ತೆ ನೆನಪಾಗುತ್ತೆ. ಪೂಜೆ, ಹಾರ, ಫೋಟೊ, ಬಿಲ್ ಪಾಸ್. ಎರಡು ಮಳೆಗಾಲಕ್ಕೆ ಜಲ್ಲಿ ಮೇಲೆದ್ದಿತ್ತು. ಅದೇ ರಸ್ತೆಗೆ ಮತ್ತೆ ಟೆಂಡರ್. ಹಿಂದಿನದು ಯಾಕೆ ಕಿತ್ತುಹೋಯಿತು ಅಂತ ಯಾರೂ ಒಂದು ಹಾಳೆ ಬರೆಯಲಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿ 2023ರ ಮಾರ್ಚ್ 12ಕ್ಕೆ ಉದ್ಘಾಟನೆಯಾಯಿತು. ವಾರದೊಳಗೆ ರಾಮನಗರದ ಹತ್ತಿರ ನೀರು ನಿಂತಿತು. ನೀರು ಎಲ್ಲಿಂದ ಬಂತು, ಮೋರಿ ಎಲ್ಲಿ ಸಾಲಲಿಲ್ಲ ಅನ್ನೋದನ್ನು ದಾರಿಯ ಹಳ್ಳಿಯವರಿಗೆ ಅರ್ಥವಾಗುವ ಹಾಗೆ ಹೇಳಬೇಕು, ಅಲ್ವಾ?

ಮಾವ ಇದನ್ನೆಲ್ಲ ಕೇಳಿಸಿಕೊಂಡು, "ಹಳೇ ಸೇತುವೆ ಬಿದ್ದದ್ದು ಯಾಕೆ?" ಅಂತ ಕೇಳಿದರು. ಹೇಳಲೇಬೇಕಾಯಿತು. ಕಂಬಿಗಳನ್ನು ಬೆಸೆಯುವ ಉಕ್ಕಿನ ತಗಡುಗಳು ಬೇಕಾದಷ್ಟು ದಪ್ಪ ಇರಲಿಲ್ಲ. ಆ ತಪ್ಪು ಸುಮಾರು ನಲವತ್ತು ವರ್ಷ ಇಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೈಸೂರು ಹೆದ್ದಾರಿಯ ಗುತ್ತಿಗೆಯೂ ಹಳೇ ಥರದ್ದಲ್ಲ, ಹೈಬ್ರಿಡ್ ಆನ್ಯುಟಿ. ಕಟ್ಟುವಾಗ ಸರ್ಕಾರ ಕೊಡೋದು ಶೇಕಡ 40 ಮಾತ್ರ. ಉಳಿದದ್ದು 15 ವರ್ಷ ಕಂತಿನಲ್ಲಿ, ಅಲ್ಲಿವರೆಗೆ ನಿರ್ವಹಣೆ ಕಟ್ಟಿದವರದ್ದೇ. ಅಪಘಾತ ಜಾಸ್ತಿಯಾದಾಗ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳನ್ನು ಮುಖ್ಯ ರಸ್ತೆಯಿಂದ ಇಳಿಸಿದರು. ಅಂದರೆ ಯಾರೋ ನೋಡುತ್ತಿದ್ದಾರೆ.

ಊರಿಗೆ ತಲುಪಿದ ದಿನ ಮಾವ ಫೋನ್ ಮಾಡಿದರು. ಕೆಂಗೇರಿ ದಾಟಿದ ಮೇಲೆ ಮೈಸೂರಿಗೆ ಒಂದೂವರೆ ಗಂಟೆಯಂತೆ. ಮದ್ದೂರು ಯಾವಾಗ ಹೋಯಿತೋ ಗೊತ್ತಾಗಲಿಲ್ಲ, ವಡೆ ತಪ್ಪಿತು ಅಂದರು. ನಾನು ರಾಮನಗರದ ಹತ್ತಿರ ನೀರಿತ್ತಾ ಅಂತ ಕೇಳಿದೆ. ಇರಲಿಲ್ಲವಂತೆ.